ಕುದುರೆ ರೇಸ್ ಹ್ಯಾಂಡಿಕ್ಯಾಪಿಂಗ್ ಟೂರ್ನಮೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಬೆಳೆದವರಿಗೆ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ಗೊತ್ತೇ ಇರುತ್ತದೆ. ನಮ್ಮ ದೊಡ್ಡಪ್ಪ ಅಲ್ಲಿಗೆ ಕುದುರೆಗಳ ವಿವರ ಇರುವ ರೇಸ್ ಪುಸ್ತಕ, ಒಂದು ಕೆಂಪು ಪೆನ್ಸಿಲ್ ಹಿಡಿದುಕೊಂಡು ಹೋಗುತ್ತಿದ್ದರು. ಅವರು ದುಡ್ಡು ಕಟ್ಟುತ್ತಿದ್ದುದು ಕಡಿಮೆ, ಓದುತ್ತಿದ್ದುದು ಜಾಸ್ತಿ. ಹೀಗೆ ಓದುವುದನ್ನೇ ಒಂದು ಸ್ಪರ್ಧೆ ಮಾಡಿದ್ದಾರೆ ಅನ್ನೋದು ನನಗೆ ತಿಳಿದದ್ದು ಅಮೆರಿಕದಲ್ಲಿದ್ದ ವರ್ಷಗಳಲ್ಲಿ. ಅಂದಿನಿಂದ ಸ್ನೇಹಿತರು, ನೆಂಟರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೆಚ್ಚಿನ ವಿವರ ಅಮೆರಿಕದ್ದು, ಯಾಕೆಂದರೆ ಈ ಆಟ ದೊಡ್ಡದಾಗಿ ಬೆಳೆದದ್ದು ಅಲ್ಲೇ.

ಹ್ಯಾಂಡಿಕ್ಯಾಪರ್ ಅಂದ್ರೆ ಟರ್ಫ್ ಕ್ಲಬ್‌ನ ಅಧಿಕಾರಿ ಅಲ್ವಾ?

ನಮ್ಮ ಕಡೆ ಹೌದು. ಬೆಂಗಳೂರು, ಮೈಸೂರಿನಲ್ಲಿ ಹ್ಯಾಂಡಿಕ್ಯಾಪರ್ ಪ್ರತಿ ಕುದುರೆಗೆ ರೇಟಿಂಗ್ ಕೊಡುತ್ತಾರೆ. ರೇಟಿಂಗ್ ಜಾಸ್ತಿ ಇದ್ದರೆ ಬೆನ್ನ ಮೇಲಿನ ತೂಕವೂ ಜಾಸ್ತಿ. ಒಂದು ರೇಟಿಂಗ್ ಪಾಯಿಂಟ್‌ಗೆ ಅರ್ಧ ಕಿಲೋ ಲೆಕ್ಕ. ಬಲವಾದ ಕುದುರೆಗೂ ಬಡ ಕುದುರೆಗೂ ಸಮ ಅವಕಾಶ ಸಿಗಲಿ ಅಂತ ಹೀಗೆ ಮಾಡುತ್ತಾರೆ.

ಈ ಪದ ಹುಟ್ಟಿದ್ದು ಇಂಗ್ಲೆಂಡಿನ ಒಂದು ಹಳೆಯ ಆಟದಿಂದ. ಇಬ್ಬರು ತಮ್ಮ ವಸ್ತು ಬದಲಾಯಿಸಿಕೊಳ್ಳುವಾಗ ಎಷ್ಟು ಹೆಚ್ಚುವರಿ ಕೊಡಬೇಕು ಅಂತ ಮೂರನೆಯವರೊಬ್ಬರು ಹೇಳುತ್ತಿದ್ದರು. ಒಪ್ಪಿಗೆ ಇದೆಯೋ ಇಲ್ಲವೋ ಅನ್ನೋದನ್ನು ಟೋಪಿಯೊಳಗೆ ಕೈ ಹಾಕಿ ತೋರಿಸಬೇಕಿತ್ತು. 'ಟೋಪಿಯಲ್ಲಿ ಕೈ' ಅನ್ನುವ ಮಾತೇ ಮುಂದೆ ಹ್ಯಾಂಡಿಕ್ಯಾಪ್ ಆಯಿತು.

ಅಮೆರಿಕದಲ್ಲಿ ಇದೇ ಪದಕ್ಕೆ ಇನ್ನೊಂದು ಅರ್ಥವೂ ಬಂದಿದೆ. ರೇಸ್‌ನ ವಿವರ ಓದಿ ಯಾವ ಕುದುರೆ ಗೆಲ್ಲಬಹುದು ಅಂತ ಅಂದಾಜು ಮಾಡುವ ಯಾರನ್ನಾದರೂ ಅಲ್ಲಿ ಹ್ಯಾಂಡಿಕ್ಯಾಪರ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ದೊಡ್ಡಪ್ಪನೂ ಹ್ಯಾಂಡಿಕ್ಯಾಪರ್. ಟೂರ್ನಮೆಂಟ್ ಇರುವುದು ಈ ಎರಡನೇ ಅರ್ಥದವರಿಗೆ.

ಹಾಗಾದ್ರೆ ಟೂರ್ನಮೆಂಟ್‌ನಲ್ಲಿ ಏನು ನಡೆಯುತ್ತೆ?

ಸೇರಿದವರೆಲ್ಲ ಒಂದು ಪ್ರವೇಶ ಶುಲ್ಕ ಕಟ್ಟುತ್ತಾರೆ. ಎಲ್ಲರಿಗೂ ಸಮನಾದ ಸಂಖ್ಯೆಯ ರೇಸ್, ಸಮನಾದ ಬಾಜಿ. ಪ್ರತಿ ರೇಸ್‌ಗೆ ಒಂದು ಕುದುರೆ ಆರಿಸಬೇಕು. ಆ ಕುದುರೆ ತಂದುಕೊಟ್ಟ ಡಿವಿಡೆಂಡ್, ಅಂದರೆ ಬಾಜಿಗೆ ಸಿಗುವ ದುಡ್ಡು, ನಿಮ್ಮ ಖಾತೆಗೆ ಅಂಕವಾಗಿ ಸೇರುತ್ತದೆ. ಕೊನೆಯಲ್ಲಿ ಯಾರ ಮೊತ್ತ ಜಾಸ್ತಿಯೋ ಅವರು ಗೆದ್ದ ಹಾಗೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ಗಮನಿಸಿ. ಮಾಮೂಲಿ ರೇಸ್ ದಿನ ನೀವು ಒಬ್ಬರೇ ಲಾಭ ಮಾಡಿದರೆ ಸಾಕು. ಟೂರ್ನಮೆಂಟ್‌ನಲ್ಲಿ ಲಾಭ ಮಾಡಿದರೂ ಸೋಲಬಹುದು, ಪಕ್ಕದವರು ನಿಮಗಿಂತ ಒಂದು ಡಾಲರ್ ಜಾಸ್ತಿ ಮಾಡಿದ್ದರೆ. ಓಡುವುದು ಕುದುರೆಗಳೇ, ಆದರೆ ನಿಮ್ಮ ಎದುರಾಳಿ ಮನುಷ್ಯರು. ಕೆಳಗೆ ಹೇಳುವ ತಂತ್ರ, ನಿಯಮ ಎಲ್ಲ ಇದರಿಂದಲೇ ಬಂದದ್ದು.

ಪ್ರತಿ ರೇಸ್‌ಗೂ ನಿಜವಾದ ದುಡ್ಡು ಕಟ್ಟಬೇಕಾ?

ಎರಡು ಬಗೆ ಇವೆ. ಮೊದಲನೆಯದರಲ್ಲಿ ಬಾಜಿ ಕಾಲ್ಪನಿಕ. 2 ಡಾಲರ್ ಕಟ್ಟಿದ್ದೀರಿ ಅಂತ ಲೆಕ್ಕದಲ್ಲಿ ಮಾತ್ರ ಇರುತ್ತದೆ. ಪ್ರವೇಶ ಶುಲ್ಕ ಬಿಟ್ಟು ಬೇರೆ ದುಡ್ಡು ಹೋಗುವುದಿಲ್ಲ. ಎರಡನೆಯದರಲ್ಲಿ ನಿಮ್ಮದೇ ದುಡ್ಡನ್ನು ನಿಜವಾದ ಟೋಟ್‌ನಲ್ಲಿ, ಅಂದರೆ ಎಲ್ಲರ ಬಾಜಿ ಒಟ್ಟು ಸೇರಿಸಿ ಗೆದ್ದವರಿಗೆ ಹಂಚುವ ವ್ಯವಸ್ಥೆಯಲ್ಲಿ, ಕಟ್ಟಬೇಕು. ಇದನ್ನು ಲೈವ್ ಮನಿ ಅನ್ನುತ್ತಾರೆ.

ನನಗೆ ಇಷ್ಟವಾದದ್ದು ಮೊದಲನೆಯದು. ಬೆಳಿಗ್ಗೆ ಮನೆ ಬಿಡುವಾಗಲೇ ಇವತ್ತು ಹೆಚ್ಚೆಂದರೆ ಎಷ್ಟು ಹೋಗಬಹುದು ಅಂತ ಗೊತ್ತಿರುತ್ತದೆ. ರೇಸ್‌ನಲ್ಲಿ ಮನೆ ಕಳೆದುಕೊಂಡವರ ಕಥೆ ಕೇಳಿ ಬೆಳೆದ ನಮಗೆ ಇದು ಸಣ್ಣ ವಿಷಯ ಅಲ್ಲ.

ಅಂಕ ಹೇಗೆ ಲೆಕ್ಕ ಹಾಕುತ್ತಾರೆ?

ಹೆಚ್ಚಿನ ಕಡೆ ನೀವು ಆರಿಸಿದ ಕುದುರೆಗೆ 2 ಡಾಲರ್ ವಿನ್, 2 ಡಾಲರ್ ಪ್ಲೇಸ್ ಅಂತ ಲೆಕ್ಕ. ವಿನ್ ಅಂದರೆ ಕುದುರೆ ಗೆಲ್ಲಲೇಬೇಕು, ಪ್ಲೇಸ್ ಅಂದರೆ ಗೆಲ್ಲದೆ ಮುಂದಿನ ಸ್ಥಾನದಲ್ಲಿ ಬಂದರೂ ದುಡ್ಡು ಸಿಗುತ್ತದೆ. ಇಲ್ಲಿ ನಮ್ಮವರು ಎಡವುತ್ತಾರೆ. ಬೆಂಗಳೂರಿನಲ್ಲಿ ಸಾಕಷ್ಟು ಕುದುರೆ ಓಡುತ್ತಿದ್ದರೆ ಮೂರನೆಯದಾಗಿ ಬಂದ ಕುದುರೆಗೂ ಪ್ಲೇಸ್ ದುಡ್ಡು ಸಿಗುತ್ತದೆ. ಅಮೆರಿಕದಲ್ಲಿ ಪ್ಲೇಸ್ ಅಂದರೆ ಮೊದಲ ಎರಡು ಸ್ಥಾನ ಮಾತ್ರ. ಮೂರರ ತನಕ ಕೊಡುವ ಬಾಜಿಗೆ ಅಲ್ಲಿ ಶೋ ಅನ್ನುತ್ತಾರೆ. ಅದು ಈ ಲೆಕ್ಕದಲ್ಲಿ ಬರುವುದಿಲ್ಲ.

ಒಂದು ಉದಾಹರಣೆ ನೋಡಿ. ನಿಮ್ಮ ಕುದುರೆಯ ಭಾವ ಒಂದಕ್ಕೆ ಎಂಟು, ಅಂದರೆ ಕಟ್ಟಿದ ಒಂದು ಡಾಲರ್‌ಗೆ ಎಂಟು ಡಾಲರ್ ಲಾಭ, ಕಟ್ಟಿದ್ದೂ ವಾಪಸ್. ಗೆದ್ದರೆ 2 ಡಾಲರ್‌ಗೆ 18 ಡಾಲರ್. ಪ್ಲೇಸ್‌ಗೆ 7.40 ಬಂತು ಅಂದುಕೊಳ್ಳಿ. ಒಟ್ಟು ಅಂಕ 25.40. ಎರಡನೆಯದಾಗಿ ಬಂದರೆ ಪ್ಲೇಸ್ ಭಾಗ ಮಾತ್ರ. ಮೂರನೆಯದಾದರೆ ಸೊನ್ನೆ.

ಅಂಕಕ್ಕೆ ಮಿತಿ ಇದೆ ಅಂತಾರಲ್ಲ, ಯಾಕೆ?

ಅಮೆರಿಕದ ಅತಿ ಪ್ರಸಿದ್ಧ ರೇಸ್ ಕೆಂಟಕಿ ಡರ್ಬಿ. 2022ರದ್ದನ್ನು ನೆನಪಿಸಿಕೊಳ್ಳಿ. ರಿಚ್ ಸ್ಟ್ರೈಕ್ ಅನ್ನುವ ಕುದುರೆಗೆ ಮೊದಲು ಜಾಗವೇ ಇರಲಿಲ್ಲ. ರೇಸ್‌ನ ಹಿಂದಿನ ದಿನ ಇನ್ನೊಂದು ಕುದುರೆ ಹಿಂದೆ ಸರಿದದ್ದರಿಂದ ಒಳಗೆ ಬಂತು. ಒಂದಕ್ಕೆ ಎಂಬತ್ತರ ಭಾವದಲ್ಲಿ ಓಡಿ ಗೆದ್ದೇಬಿಟ್ಟಿತು. 2 ಡಾಲರ್‌ಗೆ ವಿನ್ 163.60, ಪ್ಲೇಸ್ 74.20. ಮಿತಿ ಇಲ್ಲದ ಟೂರ್ನಮೆಂಟ್ ಆಗಿದ್ದರೆ ಆ ಹೆಸರಿನ ಮೇಲೆ ಸುಮ್ನೆ ಬೆರಳಿಟ್ಟವರಿಗೆ 237.80 ಸಿಗುತ್ತಿತ್ತು. ಮಿಕ್ಕವರು ಎರಡು ದಿನ ಓದಿದ್ದೆಲ್ಲ ವ್ಯರ್ಥ.

ಅದಕ್ಕೇ ವಿನ್‌ಗೆ ಒಂದಕ್ಕೆ ಇಪ್ಪತ್ತು, ಪ್ಲೇಸ್‌ಗೆ ಒಂದಕ್ಕೆ ಹತ್ತು ಅಂತ ಮಿತಿ ಇಡುತ್ತಾರೆ. ಅಂದರೆ ವಿನ್‌ಗೆ ಹೆಚ್ಚೆಂದರೆ 42 ಡಾಲರ್, ಪ್ಲೇಸ್‌ಗೆ 22. ಎಷ್ಟೇ ದೊಡ್ಡ ಭಾವದ ಕುದುರೆ ಗೆದ್ದರೂ ಒಂದು ರೇಸ್‌ನಿಂದ 64ಕ್ಕಿಂತ ಜಾಸ್ತಿ ಸಿಗುವುದಿಲ್ಲ.

ಎನ್‌ಎಚ್‌ಸಿ ಅಂದ್ರೆ ಏನು?

ನ್ಯಾಷನಲ್ ಹಾರ್ಸ್‌ಪ್ಲೇಯರ್ಸ್ ಚಾಂಪಿಯನ್‌ಶಿಪ್. ಈ ಆಟದ ವಿಶ್ವಕಪ್ ಅಂದುಕೊಳ್ಳಿ. ನ್ಯಾಷನಲ್ ಥರೋಬ್ರೆಡ್ ರೇಸಿಂಗ್ ಅಸೋಸಿಯೇಷನ್ ನಡೆಸುತ್ತದೆ. ಮೊದಲ ಫೈನಲ್ 2000ದ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯಿತು. ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ನೂರಾರು ಜನ ಅಲ್ಲಿ ಸೇರುತ್ತಾರೆ. ಕಣ್ಣ ಮುಂದೆ ಕುದುರೆ ಇರುವುದಿಲ್ಲ. ದೇಶದ ಬೇರೆ ಬೇರೆ ಟ್ರ್ಯಾಕ್‌ಗಳ ರೇಸ್‌ಗಳನ್ನು ಪರದೆಯ ಮೇಲೆ ನೋಡುತ್ತಾ ಆಡುತ್ತಾರೆ.

ಎರಡನೇ ವರ್ಷವೇ, 2001ರಲ್ಲಿ, ಜೂಡಿ ವ್ಯಾಗ್ನರ್ ಅನ್ನುವ ಮಹಿಳೆ ಗೆದ್ದರು. ರೇಸ್ ಅಂದರೆ ಗಂಡಸರ ಕೂಟ ಅಂತ ನಂಬಿದವರಿಗೆ ನಾನು ಮೊದಲು ಹೇಳುವುದು ಇವರ ಹೆಸರನ್ನೇ. 2012ರಲ್ಲಿ ಲೂಸಿಯಾನದ ಮೈಕೆಲ್ ಬೇಚಾಕ್ ಗೆದ್ದು 10 ಲಕ್ಷ ಡಾಲರ್ ಪಡೆದರು. ಎರಡನೆಯವರಿಗೂ ಅವರಿಗೂ ಇದ್ದ ಅಂತರ ಒಂದೇ ಒಂದು ಡಾಲರ್. ಇಡೀ ಆಟದಲ್ಲಿ ಎಲ್ಲೋ ಒಂದು ಕಡೆ ಸಿಕ್ಕ ಸಣ್ಣ ಪ್ಲೇಸ್ ಡಿವಿಡೆಂಡ್ ಇಲ್ಲದಿದ್ದರೆ ಫಲಿತಾಂಶವೇ ತಿರುಗುತ್ತಿತ್ತು.

ಗೆದ್ದವರಿಗೆ ದುಡ್ಡಿನ ಜೊತೆ ಎಕ್ಲಿಪ್ಸ್ ಪ್ರಶಸ್ತಿಯೂ ಸಿಗುತ್ತದೆ. ಅಮೆರಿಕದ ವರ್ಷದ ಶ್ರೇಷ್ಠ ಕುದುರೆ, ಜಾಕಿ, ಟ್ರೇನರ್‌ಗೆ ಕೊಡುವ ಪ್ರಶಸ್ತಿ ಅದು. ಗ್ಯಾಲರಿಯಲ್ಲಿ ಪೆನ್ಸಿಲ್ ಹಿಡಿದು ಕೂತವರನ್ನೂ ಅದೇ ವೇದಿಕೆಗೆ ಕರೆಯುತ್ತಾರೆ ಅನ್ನೋದು ನನಗೆ ಬಹಳ ಹಿಡಿಸಿದ ವಿಷಯ.

ಕಡ್ಡಾಯ ರೇಸ್, ಆಯ್ಕೆಯ ರೇಸ್ ಅಂದ್ರೆ?

ಎನ್‌ಎಚ್‌ಸಿಯ ಮೊದಲ ಎರಡು ದಿನ ದಿನಕ್ಕೆ 18 ರೇಸ್. ಅದರಲ್ಲಿ 8 ಕಡ್ಡಾಯ, ಎಲ್ಲರೂ ಅದೇ ರೇಸ್ ಆಡಬೇಕು. ಉಳಿದ 10 ನಿಮ್ಮಿಷ್ಟ. ಪಟ್ಟಿಯಲ್ಲಿರುವ ಟ್ರ್ಯಾಕ್‌ಗಳಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ಎರಡು ದಿನ ಮುಗಿದಾಗ ಮೇಲಿನ ಶೇ 10ರಷ್ಟು ಜನ ಸೆಮಿಫೈನಲ್‌ಗೆ ಹೋಗುತ್ತಾರೆ. ಅಲ್ಲಿ 10 ಆಯ್ಕೆಯ ರೇಸ್. ಕೊನೆಗೆ ಉಳಿದ 10 ಜನ ಒಂದೇ ಮೇಜಿನ ಸುತ್ತ ಕೂತು 7 ಕಡ್ಡಾಯ ರೇಸ್ ಆಡುತ್ತಾರೆ. ಅಂಕ ಮೊದಲಿನಿಂದಲೂ ಒಟ್ಟಿಗೆ ಸೇರುತ್ತಾ ಹೋಗುತ್ತದೆ.

ಕಡ್ಡಾಯ ರೇಸ್‌ನಲ್ಲಿ ಎಲ್ಲರ ಓದೂ ಒಂದೇ ಪುಟದ ಮೇಲೆ. ಆಯ್ಕೆಯ ರೇಸ್‌ನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಟ್ರ್ಯಾಕ್‌ಗೆ ಹೋಗಬಹುದು. ಹೊಸಬರು ಆಯ್ಕೆಯ ರೇಸ್‌ಗಳನ್ನು ಬೆಳಿಗ್ಗೆಯೇ ಮುಗಿಸಿಬಿಡುತ್ತಾರೆ. ಅದು ತಪ್ಪು. ಸಂಜೆ ಎಷ್ಟು ಅಂಕ ಬೇಕು ಅಂತ ಗೊತ್ತಾಗುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಫೇವರಿಟ್ ಕುದುರೆಗಳನ್ನೇ ಆರಿಸುತ್ತಾ ಹೋದರೆ ಸಾಲದಾ?

ಸಾಲದು. ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು, ಹಾಗಾಗಿ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಫೇವರಿಟ್ ಅಂದರೆ ಜನ ಎಲ್ಲಕ್ಕಿಂತ ಹೆಚ್ಚು ದುಡ್ಡು ಕಟ್ಟಿದ, ಹಾಗಾಗಿ ಭಾವ ಎಲ್ಲಕ್ಕಿಂತ ಕಡಿಮೆ ಇರುವ ಕುದುರೆ. ಅಮೆರಿಕದಲ್ಲಿ ಅದು ಸುಮಾರು ಮೂರರಲ್ಲಿ ಒಂದು ರೇಸ್ ಗೆಲ್ಲುತ್ತದೆ. 18 ರೇಸ್‌ನಲ್ಲಿ 6 ಗೆಲುವು ಅಂದುಕೊಳ್ಳಿ. ಒಂದೊಂದಕ್ಕೆ 5.20 ಬಂದರೆ 31.20. ಇನ್ನು ಪ್ಲೇಸ್. 10 ಸಲ ಮೊದಲ ಎರಡರಲ್ಲಿ ಬಂತು, ಒಂದೊಂದಕ್ಕೆ 3 ಡಾಲರ್, ಅಂದರೆ 30. ಇಡೀ ದಿನದ ಅಂಕ 61.20. ಈಗ ಮಿತಿ ಮುಟ್ಟಿದ ಒಂದೇ ಕುದುರೆಯ ಅಂಕ ನೋಡಿ: 64. ನೀವು ಆರು ಸಲ ಗೆದ್ದಿರಿ, ಪಕ್ಕದವರು 17 ಸಲ ಸೋತು ಒಂದೇ ಸಲ ಗೆದ್ದರು. ಮುಂದೆ ಇರುವುದು ಅವರೇ.

ಹಾಗಂತ ದೊಡ್ಡ ಭಾವದ ಕುದುರೆಗಳ ಮೇಲೆ ಕಣ್ಣುಮುಚ್ಚಿ ಬೆರಳಿಡುವುದೂ ಅಲ್ಲ. ಒಂದಕ್ಕೆ ಎಂಟರಿಂದ ಇಪ್ಪತ್ತರ ತನಕದ ಕುದುರೆಗಳಲ್ಲಿ, ಜನ ಅಂದುಕೊಂಡಿರುವುದಕ್ಕಿಂತ ಚೆನ್ನಾಗಿ ಓಡಬಲ್ಲದ್ದು ಯಾವುದು ಅಂತ ಹುಡುಕಬೇಕು. 'ಯಾವುದು ಗೆಲ್ಲುತ್ತೆ' ಅನ್ನುವ ಪ್ರಶ್ನೆ ಬದಲಾಗಿ 'ಈ ಭಾವಕ್ಕೆ ಇದು ಅಗ್ಗವೋ ದುಬಾರಿಯೋ' ಅನ್ನುವ ಪ್ರಶ್ನೆ ಬರುತ್ತದೆ. ತರಕಾರಿ ಮಾರ್ಕೆಟ್‌ನಲ್ಲಿ ನಾವು ದಿನಾ ಮಾಡುವ ಕೆಲಸವೇ ತಾನೆ?

ಕೊನೆಯ ರೇಸ್‌ಗಳಲ್ಲಿ ಇದು ಇನ್ನೂ ಬದಲಾಗುತ್ತದೆ. ಒಂದೇ ರೇಸ್ ಉಳಿದಿದೆ, ನೀವು 28 ಡಾಲರ್ ಹಿಂದಿದ್ದೀರಿ ಅಂದುಕೊಳ್ಳಿ. ಒಂದಕ್ಕೆ ನಾಲ್ಕರ ಕುದುರೆ ಖಂಡಿತ ಗೆಲ್ಲುತ್ತದೆ ಅಂತ ಅನಿಸಿದರೂ ಅದರಿಂದ ಪ್ರಯೋಜನವಿಲ್ಲ. ವಿನ್ 10, ಪ್ಲೇಸ್ ಒಂದು 5, ಒಟ್ಟು 15 ಅಷ್ಟೇ. ಒಂದಕ್ಕೆ ಒಂಬತ್ತು, ಹತ್ತು ಭಾವದ ಕುದುರೆಯೇ ಬೇಕು. ಮುಂದಿರುವವರೂ ಅಷ್ಟೇ ಯೋಚಿಸುತ್ತಿರುತ್ತಾರೆ. ಹಿಂದಿನವರು ಯಾವ ಕುದುರೆ ಹಿಡಿಯಬಹುದು ಅಂತ ಊಹಿಸಿ ತಾವೂ ಅದನ್ನೇ ಹಿಡಿಯುತ್ತಾರೆ. ಅದು ಗೆದ್ದರೆ ಇಬ್ಬರಿಗೂ ಅಷ್ಟೇ ಅಂಕ, ಅಂತರ ಹಾಗೇ ಉಳಿಯುತ್ತದೆ. ದಾರಿ ಕಟ್ಟುವುದು ಅಂದರೆ ಇದೇ.

ಎಲ್ಲ ಆಯ್ಕೆಗಳನ್ನೂ ಮೊದಲೇ ಕೊಡಬೇಕಾ?

ಕೆಲವು ಟೂರ್ನಮೆಂಟ್‌ನಲ್ಲಿ ಹೌದು. ಮೊದಲ ರೇಸ್ ಶುರುವಾಗುವ ಮುಂಚೆ ಪೂರ್ತಿ ಪಟ್ಟಿ ಕೊಟ್ಟು, ಆಮೇಲೆ ದೇವರ ಮೇಲೆ ಭಾರ ಹಾಕಿ ಕೂರಬೇಕು. ಅಲ್ಲಿನವರು ಇದಕ್ಕೆ 'ಪಿಕ್ ಅಂಡ್ ಪ್ರೇ' ಅಂತಲೇ ಹೆಸರಿಟ್ಟಿದ್ದಾರೆ. ಇನ್ನು ಕೆಲವು ಕಡೆ ಪ್ರತಿ ರೇಸ್‌ನ ಗೇಟ್ ತೆರೆಯುವ ತನಕ ಬದಲಾಯಿಸಬಹುದು. ದಾರಿ ಕಟ್ಟುವ ತಂತ್ರ ನಡೆಯುವುದು ಈ ಎರಡನೆಯದರಲ್ಲಿ ಮಾತ್ರ.

ಸರ್ವೈವರ್ ಅನ್ನುವ ಇನ್ನೊಂದು ಬಗೆ ಇದೆ. ನಿಮ್ಮ ಕುದುರೆ ಪ್ರತಿ ರೇಸ್‌ನಲ್ಲೂ ಮೊದಲ ಮೂರರಲ್ಲಿ ಬರಬೇಕು, ಇಲ್ಲದಿದ್ದರೆ ನೀವು ಔಟ್. ಫೇವರಿಟ್‌ಗಳಿಗೆ ನಿಜವಾದ ಬೆಲೆ ಇರುವುದು ಇಲ್ಲಿ.

ಒಂದು ಮಾತು. ಕೊನೆಯ ಕ್ಷಣದ ತನಕ ಭಾವ ನೋಡುತ್ತಾ ಕಾಯಬೇಡಿ. ಒಮ್ಮೆ ನಾನು ಹಾಗೆ ಕಾದು, ಗೇಟ್ ತೆರೆದ ಮೇಲೆ ಬಟನ್ ಒತ್ತಿದೆ. ಆ ರೇಸ್‌ಗೆ ಸೊನ್ನೆ ಬಂತು. ಕುದುರೆ ಗೆದ್ದಿತ್ತು.

ನಾನು ಆರಿಸಿದ ಕುದುರೆ ಓಡದೇ ಇದ್ದರೆ?

ಬದಲಿ ಕುದುರೆಯನ್ನು ಮೊದಲೇ ಬರೆದಿಟ್ಟಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಬರೆದಿರದಿದ್ದರೆ ಸಾಮಾನ್ಯವಾಗಿ ರೇಸ್ ಶುರುವಾದಾಗ ಫೇವರಿಟ್ ಯಾವುದೋ ಅದನ್ನು ನಿಮ್ಮ ಹೆಸರಿಗೆ ಹಾಕುತ್ತಾರೆ. ಆಯಾ ಟೂರ್ನಮೆಂಟ್‌ನ ನಿಯಮ ಓದಿಕೊಂಡೇ ಸೇರಿ.

ರೇಸ್ ಮುಗಿದ ಮೇಲೆ ಫಲಿತಾಂಶ ಬದಲಾದರೆ?

ಅಧಿಕೃತ ಫಲಿತಾಂಶವೇ ಲೆಕ್ಕ. 2019ರ ಕೆಂಟಕಿ ಡರ್ಬಿಯಲ್ಲಿ ಮೊದಲು ಗುರಿ ಮುಟ್ಟಿದ್ದು ಮ್ಯಾಕ್ಸಿಮಮ್ ಸೆಕ್ಯುರಿಟಿ. ಬೇರೆ ಕುದುರೆಗಳ ದಾರಿಗೆ ಅಡ್ಡ ಬಂತು ಅಂತ ಸ್ಟ್ಯೂವರ್ಡ್‌ಗಳು, ಅಂದರೆ ರೇಸ್‌ನ ತೀರ್ಪುಗಾರರು, ಅದನ್ನು 17ನೇ ಸ್ಥಾನಕ್ಕೆ ಇಳಿಸಿದರು. ಒಂದಕ್ಕೆ ಅರವತ್ತೈದರ ಕಂಟ್ರಿ ಹೌಸ್ ವಿಜೇತ ಆಯಿತು. 2 ಡಾಲರ್‌ಗೆ 132.40. ಬೋರ್ಡ್ ಮೇಲೆ 'ಅಧಿಕೃತ' ಅಂತ ಬರುವ ತನಕ ಕುಣಿಯಲೂಬೇಡಿ, ಅಳಲೂಬೇಡಿ.

ಏನನ್ನು ಓದಬೇಕು?

ಕುದುರೆಯ ಹಿಂದಿನ ಓಟಗಳ ದಾಖಲೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಹೆಸರು ಡೈಲಿ ರೇಸಿಂಗ್ ಫಾರ್ಮ್, 1894ರಲ್ಲಿ ಶಿಕಾಗೋದಲ್ಲಿ ಶುರುವಾದ ಪತ್ರಿಕೆ. ಪ್ರತಿ ಓಟದ ದೂರ, ನೆಲ, ಸಮಯ, ಯಾವ ತಿರುವಿನಲ್ಲಿ ಎಷ್ಟನೇ ಸ್ಥಾನ, ಜಾಕಿ, ಟ್ರೇನರ್ ಎಲ್ಲ ಒಂದೇ ಸಾಲಿನಲ್ಲಿ. ಮೊದಲ ಸಲ ನೋಡಿದರೆ ಪಂಚಾಂಗದ ಪುಟದ ಹಾಗೆ ಕಾಣುತ್ತದೆ. ಒಂದು ವಾರ ಕೂತರೆ ಓದಲು ಬರುತ್ತದೆ.

ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ, ಬೇಯರ್ ಸ್ಪೀಡ್ ಫಿಗರ್. ಆ ದಿನದ ಟ್ರ್ಯಾಕ್ ವೇಗವಾಗಿತ್ತೋ ನಿಧಾನವಾಗಿತ್ತೋ ಅನ್ನುವುದನ್ನು ಕಳೆದು, ಕುದುರೆಯ ನಿಜವಾದ ವೇಗವನ್ನು ಒಂದೇ ಅಂಕಿಯಲ್ಲಿ ಹೇಳುತ್ತದೆ. ಒಳ್ಳೆಯ ಅಳತೆ. ಆದರೆ ಎಲ್ಲರೂ ಅದನ್ನೇ ನೋಡುವುದರಿಂದ ಆ ಅಂಕಿ ಚೆನ್ನಾಗಿರುವ ಕುದುರೆಯ ಭಾವ ಆಗಲೇ ಬಿದ್ದಿರುತ್ತದೆ.

ಟೂರ್ನಮೆಂಟ್ ಆಡುವವರು ಜಾಸ್ತಿ ಹುಡುಕುವುದು ಅಂಕಿಯ ಹಿಂದೆ ಅಡಗಿರುವುದನ್ನು. ಕಳೆದ ಸಲ ದಾರಿ ಸಿಗದೆ ಹಿಂದೆ ಉಳಿದ ಕುದುರೆ. ಇಷ್ಟು ದಿನ ಮಣ್ಣಿನ ಮೇಲೆ ಓಡಿ ಇವತ್ತು ಮೊದಲ ಸಲ ಹುಲ್ಲಿನ ಮೇಲೆ ಓಡುವ ಕುದುರೆ. ಮುಂದೆ ನುಗ್ಗುವ ಕುದುರೆಗಳು ನಾಲ್ಕೈದು ಇದ್ದರೆ ಅವು ಒಂದನ್ನೊಂದು ದಣಿಸುತ್ತವೆ, ಆಗ ಹಿಂದಿನಿಂದ ಬರುವ ಕುದುರೆಗೆ ಅನುಕೂಲ. ಮುಂದೆ ನುಗ್ಗುವುದು ಒಂದೇ ಇದ್ದರೆ ಅದನ್ನು ಹಿಡಿಯುವುದು ಕಷ್ಟ. ದೊಡ್ಡಪ್ಪನ ಕೆಂಪು ಪೆನ್ಸಿಲ್ ಗುರುತುಗಳೆಲ್ಲ ಇಂಥವೇ ಅಂತ ನನಗೆ ಅರ್ಥವಾದದ್ದು ಎಷ್ಟೋ ವರ್ಷದ ನಂತರ.

ಫರ್ಲಾಂಗ್ ಲೆಕ್ಕಕ್ಕೆ ಹೆದರಬೇಡಿ. ಒಂದು ಫರ್ಲಾಂಗ್ ಸುಮಾರು 200 ಮೀಟರ್. ಆರು ಫರ್ಲಾಂಗ್ ಅಂದರೆ ನಮ್ಮ 1200 ಮೀಟರ್ ರೇಸ್.

ಎನ್‌ಎಚ್‌ಸಿಗೆ ದುಡ್ಡು ಕಟ್ಟಿ ನೇರವಾಗಿ ಸೇರಬಹುದಾ?

ಇಲ್ಲ, ಅರ್ಹತೆ ಪಡೆಯಬೇಕು. ವರ್ಷವಿಡೀ ಟ್ರ್ಯಾಕ್‌ಗಳಲ್ಲಿ, ಆನ್‌ಲೈನ್‌ನಲ್ಲಿ ಅರ್ಹತಾ ಟೂರ್ನಮೆಂಟ್‌ಗಳು ನಡೆಯುತ್ತವೆ. ಅವುಗಳಲ್ಲಿ ಮೇಲೆ ಬಂದವರಿಗೆ ಫೈನಲ್‌ನಲ್ಲಿ ಸೀಟು. ಆ ಅರ್ಹತಾ ಟೂರ್ನಮೆಂಟ್‌ಗಳಿಗೆ ಸೀಟು ಕೊಡುವ ಇನ್ನೂ ಸಣ್ಣ ಟೂರ್ನಮೆಂಟ್‌ಗಳೂ ಇವೆ, ಮೆಟ್ಟಿಲು ಮೆಟ್ಟಿಲಾಗಿ. ಒಬ್ಬರಿಗೆ ಹೆಚ್ಚೆಂದರೆ ಎರಡು ಎಂಟ್ರಿ.

ಲೈವ್ ಮನಿ ಟೂರ್ನಮೆಂಟ್ ಹೇಗಿರುತ್ತೆ?

ದೊಡ್ಡದು ಬ್ರೀಡರ್ಸ್ ಕಪ್ ಅನ್ನುವ ಅಮೆರಿಕದ ದೊಡ್ಡ ರೇಸ್ ಕೂಟದ ಜೊತೆ ನಡೆಯುವ ಬ್ರೀಡರ್ಸ್ ಕಪ್ ಬೆಟಿಂಗ್ ಚಾಲೆಂಜ್. ಒಂದು ಎಂಟ್ರಿಗೆ 10,000 ಡಾಲರ್. ಅದರಲ್ಲಿ 2,500 ಬಹುಮಾನದ ಗಂಟಿಗೆ ಹೋಗುತ್ತದೆ, 7,500 ನಿಮ್ಮ ಬಾಜಿಯ ಬಂಡವಾಳ. ಗೆದ್ದ ದುಡ್ಡು ನಿಮ್ಮದೇ. ಕಳೆದುಕೊಂಡರೆ ಅದೂ ನಿಮ್ಮದೇ. ಅಂಕದ ಮಿತಿ ಇರುವುದಿಲ್ಲ, ಕೊನೆಯ ರೇಸ್‌ಗೆ ಕೈಯಲ್ಲಿರುವುದನ್ನೆಲ್ಲ ಸುರಿಯುವವರಿದ್ದಾರೆ. ಇದು ಸಾಮಾನ್ಯ ಮನೆಯವರ ಆಟ ಅಲ್ಲ. ನಾನು ದೂರದಿಂದ ನೋಡುತ್ತೇನೆ ಅಷ್ಟೇ.

ಇಬ್ಬರು ಸ್ನೇಹಿತರು ಮಾತಾಡಿಕೊಂಡು ಆಡಬಹುದಾ?

ಕುದುರೆಯ ಬಗ್ಗೆ ಮಾತಾಡುವುದು ಬೇರೆ. ನೀನು ಇದನ್ನು ಹಿಡಿ, ನಾನು ಅದನ್ನು ಹಿಡಿಯುತ್ತೇನೆ ಅಂತ ಹಂಚಿಕೊಂಡರೆ ಅದು ಮೋಸ. ಎರಡು ಎಂಟ್ರಿಯ ಮಿತಿಯನ್ನು ಹಿಂಬಾಗಿಲಿನಿಂದ ದಾಟಿದ ಹಾಗೆ. ದೊಡ್ಡ ಟೂರ್ನಮೆಂಟ್‌ಗಳು ಇದನ್ನು ನಿಷೇಧಿಸಿವೆ.

ಬಹುಮಾನದ ದುಡ್ಡು ಎಲ್ಲಿಂದ ಬರುತ್ತೆ?

ಹೆಚ್ಚಾಗಿ ಪ್ರವೇಶ ಶುಲ್ಕದಿಂದ. ಮಾಮೂಲಿ ಟೋಟ್‌ನಲ್ಲಿ ವಿನ್, ಪ್ಲೇಸ್ ಬಾಜಿಯಿಂದ ಅಮೆರಿಕದ ಟ್ರ್ಯಾಕ್‌ಗಳು ಸುಮಾರು ಶೇ 15ರಿಂದ 18ರಷ್ಟು ಮೊದಲೇ ಕಡಿದುಕೊಳ್ಳುತ್ತವೆ. ಆದರೆ ಎಷ್ಟೋ ಟೂರ್ನಮೆಂಟ್‌ಗಳು ಶುಲ್ಕವನ್ನೆಲ್ಲ ಬಹುಮಾನವಾಗಿ ಹಿಂದಿರುಗಿಸುತ್ತವೆ. ಎಲ್ಲವೂ ಹಾಗಲ್ಲ, ಸೇರುವ ಮುಂಚೆ ಇದನ್ನು ಕೇಳಲೇಬೇಕು.

ನಮ್ಮ ಜಾಕ್‌ಪಾಟ್ ಕೂಡ ಹೀಗೇ ಅಲ್ವಾ?

ಅಲ್ಲ. ಜಾಕ್‌ಪಾಟ್‌ನಲ್ಲಿ ಐದು ರೇಸ್‌ನ ವಿಜೇತರನ್ನೂ ಸರಿಯಾಗಿ ಹೇಳಬೇಕು. ಒಂದು ತಪ್ಪಿದರೆ ದೊಡ್ಡ ಬಹುಮಾನ ಕೈತಪ್ಪಿತು. ಜಾಸ್ತಿ ದುಡ್ಡಿದ್ದವರು ಜಾಸ್ತಿ ಕಾಂಬಿನೇಷನ್ ಹಾಕಬಹುದು. ಟೂರ್ನಮೆಂಟ್‌ನಲ್ಲಿ ಎಂಟು ಸಲ ತಪ್ಪಿದವರೂ ಗೆಲ್ಲಬಹುದು, ಮತ್ತು ಒಂದು ಎಂಟ್ರಿಯಲ್ಲಿ ಎಲ್ಲರ ಕೈಯಲ್ಲೂ ಸಮನಾದ ಬಾಜಿ.

ಭಾರತದಲ್ಲಿ ಕೂತು ದುಡ್ಡು ಕಟ್ಟಿ ಆಡಬಹುದಾ?

ಬೇಡ. ಕುದುರೆ ರೇಸ್ ಕೌಶಲ್ಯದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ, ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿದ್ದು ನಿಜ. ಅದನ್ನು ತೋರಿಸಿ ಧೈರ್ಯ ಹೇಳುವವರು ಸಿಗುತ್ತಾರೆ. ಆದರೆ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅದು ಕೌಶಲ್ಯವೋ ಅದೃಷ್ಟವೋ ಅಂತ ನೋಡದೆ ನಿಷೇಧಿಸುತ್ತದೆ. ಲಾಟರಿ, ಸ್ವೀಪ್‌ಸ್ಟೇಕ್‌ನಂಥವಕ್ಕೆ ವಿದೇಶಕ್ಕೆ ದುಡ್ಡು ಕಳಿಸುವುದನ್ನೂ ವಿದೇಶಿ ವಿನಿಮಯದ ನಿಯಮಗಳು ತಡೆಯುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸಿ 'ಗ್ಯಾರಂಟಿ' ಅನ್ನುವವರ ಹತ್ತಿರಕ್ಕೂ ಹೋಗಬೇಡಿ. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಬೇಕು, ಅದು ಎಲ್ಲ ಕಡೆ ಒಂದೇ ಥರ ಇಲ್ಲ.

ದುಡ್ಡಿಲ್ಲದೆ ಅಭ್ಯಾಸ ಮಾಡೋದು ಹೇಗೆ?

ಒಂದು ನೋಟ್‌ಬುಕ್ ಸಾಕು. ನಾಲ್ಕೈದು ಜನ ಸೇರಿ. ಬೆಂಗಳೂರು ಅಥವಾ ಮೈಸೂರಿನ ಒಂದು ರೇಸ್ ದಿನ ಆರಿಸಿಕೊಳ್ಳಿ. ಹಿಂದಿನ ರಾತ್ರಿ ಪ್ರತಿಯೊಬ್ಬರೂ ಪ್ರತಿ ರೇಸ್‌ಗೆ ಒಂದು ಕುದುರೆ, ಒಂದು ಬದಲಿ ಕುದುರೆ ಬರೆಯಲಿ. ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು. ಸಂಜೆ ಟೋಟ್‌ನ ಡಿವಿಡೆಂಡ್ ನೋಡಿ ವಿನ್, ಪ್ಲೇಸ್ ಅಂಕ ಹಾಕಿ. ಮಿತಿ ಎಷ್ಟು ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ಸೋತವರು ಎಲ್ಲರಿಗೂ ಕಾಫಿ ಕೊಡಿಸಲಿ.

ಆ 'ಯಾಕೆ' ಅನ್ನುವ ಸಾಲನ್ನು ಮಾತ್ರ ಬಿಡಬೇಡಿ. ಒಂದು ಸೀಸನ್ ಮುಗಿದ ಮೇಲೆ ಹಿಂದಕ್ಕೆ ತಿರುವಿ ಓದಿ. ನೀವು ಯಾವ ಬಗೆಯ ರೇಸ್ ಚೆನ್ನಾಗಿ ಓದುತ್ತೀರಿ, ಎಲ್ಲಿ ಸುಮ್ನೆ ಊಹಿಸುತ್ತೀರಿ ಅಂತ ನಿಮ್ಮದೇ ಕೈಬರಹದಲ್ಲಿ ಕಾಣುತ್ತದೆ. ದೊಡ್ಡಪ್ಪನ ಹಳೆಯ ರೇಸ್ ಪುಸ್ತಕಗಳಲ್ಲಿ ಎರಡು ನನ್ನ ಹತ್ತಿರ ಇವೆ. ಕುದುರೆಗಳ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಅಂಥ ಸಾಲುಗಳು ಇನ್ನೂ ಉಳಿದಿವೆ.